ಫ್ಯಾಮಿಲಿ ರೂಮು

ಜೆಪ್ಪು ಮಾರ್ಕೆಟಿನ ಹಿಂದೆ ಐತಾಳರ ಹೋಟೆಲು.
ಬೋರ್ಡಿನಲ್ಲಿ ಬೇರೇನೋ ಹೆಸರಿತ್ತು,
ಯಾರೂ ಓದಿದ್ದಿಲ್ಲ.
ಗಲ್ಲಾಪೆಟ್ಟಿಗೆ, ಬಲಕ್ಕೆ ಕೈತೊಳೆಯುವ ಜಾಗ,
ಅದರಾಚೆ ಒಂದು ಕೋಣೆ,
ಕೋಣೆಗೆ ನೀಲಿ ಹೂವಿನ ಪರದೆ,
ಮೇಲೆ ಗೋಡೆಯಲ್ಲಿ ಕೆಂಪು ಅಕ್ಷರ: ಫ್ಯಾಮಿಲಿ ರೂಮ್.

ನಾವು ಫ್ಯಾಮಿಲಿ ಏನೂ ಅಲ್ಲ.
ಶನಿವಾರ ಬೀಡಿ ಬ್ರಾಂಚಿಗೆ ಬಂದವರು:
ನನ್ನ ಅಮ್ಮ, ಕರ್ಮಿನಾ ಬಾಯಿ, ಐಸಮ್ಮ,
ಬೋಳಾರದ ಅಪ್ಪಿಯಕ್ಕ, ಅವಳ ನಾದಿನಿ,
ಹೆಸರು ಮರೆತಿದೆ, ನಗುವಾಗ
ಬಾಯಿಗೆ ಸೆರಗು ಹಿಡಿಯುತ್ತಿದ್ದಳು.
ಮತ್ತೆ ನಾನು, ಆರನೇ ಕ್ಲಾಸು, ಲೆಕ್ಕ ಬರೆಯುವವಳು.

ಮೂರು ಕಾಫಿ, ಆರು ಲೋಟ.
ಒಂದು ಪ್ಲೇಟು ಬನ್ಸು, ಅದು ನನ್ನ ಹೆಸರಿನಲ್ಲಿ ಬಂದು
ಎಲ್ಲರ ಬೆರಳು ತಾಗಿ ಮುಗಿಯುತ್ತಿತ್ತು.
ಎಷ್ಟು ತೊಳೆದರೂ ಹೋಗದ ವಾಸನೆಯ ಬೆರಳು.
ನನಗೆ ಈಗಲೂ ಬನ್ಸೆಂದರೆ
ಬಾಳೆಹಣ್ಣು, ಜೀರಿಗೆ, ಸ್ವಲ್ಪ ಹೊಗೆಸೊಪ್ಪು.

ಎಂತೆಂತ ಮಾತು ಆ ಕೋಣೆಯಲ್ಲಿ!
ಈ ವಾರದ ಎಲೆ ಬರೀ ತೂತು.
ಚೆಕ್ಕಿಂಗಿನವನ ಕೈ ಹುಟ್ಟಿದ್ದೇ ಕಟ್ಟು ಮುರಿಯಲಿಕ್ಕೆ.
ಬೂತಾಯಿಗೂ ಈಗ ಅಂಜಲಿನ ಗರ್ವ.
ತುಳು, ಕೊಂಕಣಿ, ಬ್ಯಾರಿ ಒಂದರ ಮೇಲೊಂದು ಬಿದ್ದು
ಜಗಳದ ಹೊತ್ತಿಗೆ ಎಲ್ಲ ತುಳುವೇ ಆಗುತ್ತಿತ್ತು.

ಫಂಡಿನ ಚೀಟಿ ನನ್ನ ಕಂಪಾಸು ಪೆಟ್ಟಿಗೆಯಲ್ಲಿ.
ಕುಲುಕುವುದು ಕರ್ಮಿನಾ ಬಾಯಿ, ಎತ್ತುವುದು ನಾನು.
ಐಸಮ್ಮನ ಮಗಳ ಮದುವೆ ನಿಂತುಹೋಗುವ ಹಾಗಿದ್ದ ತಿಂಗಳು
ಅಮ್ಮನ ಹೆಸರು ಬಂತು.
ಅಮ್ಮನಿಗೆ ಓದಲು ಬರುತ್ತಿದ್ದದ್ದು ಅದೊಂದೇ,
ಬ್ರಾಂಚಿನ ಪುಸ್ತಕಕ್ಕೆ ರುಜು ಹಾಕಿ ಹಾಕಿ ಕಲಿತದ್ದು.
ಚೀಟಿ ನೋಡಿದಳು, ಮಡಚಿದಳು,
"ಐಸಮ್ಮ" ಅಂದಳು.
ನನಗೆ ಆ ವರ್ಷ ಕನ್ನಡದಲ್ಲಿ ಎಂಬತ್ತೆರಡು.
ನಾನು ಬಾಯಿಯೊಳಗೆ ಬನ್ಸು ತುರುಕಿಕೊಂಡೆ.

ಮೇ ತಿಂಗಳು. ಒಳಗಿನ ಫ್ಯಾನು ಕೆಟ್ಟಿತ್ತು.
ಕರ್ಮಿನಾ ಬಾಯಿ ಎದ್ದವಳೇ ಪರದೆಯನ್ನು
ಜಡೆಯ ಹಾಗೆ ತಿರುಚಿ ಮೇಲೆ ಗಂಟು ಹಾಕಿದಳು:
"ಗಾಳಿಯೂ ಗಂಡಸರಿಗೇ ಆಗಬೇಕಾ?"
ಹೊರಗೆ ಒಂದು ಪೇಪರು ಸ್ವಲ್ಪ ಕೆಳಗಿಳಿದು
ಮತ್ತೆ ಮೇಲೆ ಹೋಯಿತು.
ಲಾರಿ ಡ್ರೈವರನ ಲೋಟ ತುಟಿಯ ಹತ್ತಿರ ನಿಂತಿತು.
ಐತಾಳರು ಅದೇ ಚಿಲ್ಲರೆಯನ್ನು ಮೂರು ಸಲ ಎಣಿಸಿ
ತಲೆ ಎತ್ತದೆ ಹೇಳಿದರು:
"ಪುರಂದರಾ, ಆ ಪರದೆ ಬಿಚ್ಚು ಮಾರಾಯ, ಒಗೆಯಲಿಕ್ಕೆ ಹಾಕು."

ಮುಂದಿನ ಶನಿವಾರ ಕೇಳಿದರೆ, ಒಣಗಲಿಲ್ಲ ಅಂದರು.
ಅದರ ಮುಂದಿನ ಶನಿವಾರವೂ ಒಣಗಲಿಲ್ಲ.
ಮಂಗಳೂರಿನ ಮೇ ತಿಂಗಳಲ್ಲಿ
ಹದಿನೈದು ದಿನ ಒಣಗದ ಬಟ್ಟೆ!
ಆಮೇಲೆ ಮಳೆ ಹಿಡಿಯಿತು, ನೆಪಕ್ಕೆ ಬಲ ಬಂತು.
ಪೇಪರಿನವರು ಒಂದು ದಿನ ಅಲ್ಲಿಂದಲೇ
ಬೀಡಿ ಮಜೂರಿ ಹೆಚ್ಚಾದ ಸುದ್ದಿ ಗಟ್ಟಿಯಾಗಿ ಓದಿದರು,
ಯಾರಿಗೆಂದು ಹೇಳಲಿಲ್ಲ.
ಸಾವಿರಕ್ಕೆ ಎಷ್ಟು ಎಂದು ಅಪ್ಪಿಯಕ್ಕ ಕೂತಲ್ಲಿಂದಲೇ ಕೇಳಿದಳು.

ಆಟಿಯ ಒಂದು ಬೆಳಿಗ್ಗೆ
ಪುರಂದರ ನಮ್ಮ ಮೇಜು ಒರೆಸುತ್ತಿದ್ದ.
ಕೈಯಲ್ಲಿ ಒದ್ದೆ ತುಂಡು, ಅಂಚು ಹೊಲಿದದ್ದು,
ಅದರಲ್ಲಿ ಒಂದೂವರೆ ನೀಲಿ ಹೂವು.
ಮೊದಲು ಕಂಡದ್ದು ಅಪ್ಪಿಯಕ್ಕನ ನಾದಿನಿಗೆ.
ಅವಳು ನಕ್ಕಳು.
ಗಲ್ಲಾಪೆಟ್ಟಿಗೆಯವರೆಗೆ, ರಸ್ತೆಯ ಮಳೆಯವರೆಗೆ ಕೇಳುವ ಹಾಗೆ,
ಎರಡೂ ಕೈ ಮೇಜಿನ ಮೇಲಿಟ್ಟು.
ಹಲ್ಲಿನ ನಡುವೆ ಒಂದು ಸಂದು ಇತ್ತು ಅವಳಿಗೆ,
ಅಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ.

ವಾರಿಜ.
ಈಗ ನೆನಪಾಯಿತು, ವಾರಿಜ.